ತಕಿಟದಿಂದ ಕ್ಲಾವೆಗೆ: ಶಾಲಾ ತಂಡಕ್ಕೆ ಕ್ಯೂಬಾದ ಸೊನ್ ಕಲಿಸುವ ಬಗೆ

ಸೊನ್ ಎಂಬ ಕ್ಯೂಬಾದ ಹಾಡು-ಕುಣಿತದ ಸಂಗೀತ ಕಲಿಸುವಾಗ ಮೊದಲ ಎರಡು ತರಗತಿ ಮಕ್ಕಳಿಗೆ ವಾದ್ಯ ಮುಟ್ಟಲು ಬಿಡುವುದಿಲ್ಲ. ಬರೀ ಕಾಲು, ಕೈ, ಬಾಯಿ. ಎಲ್ಲಕ್ಕೂ ಆಧಾರ ಕ್ಲಾವೆ, ಅಂದರೆ ಹಾಡಿನುದ್ದಕ್ಕೂ ಮರಳಿ ಮರಳಿ ಬರುವ ಲಯದ ಮಾದರಿ. ಸ್ಪ್ಯಾನಿಷ್‌ನಲ್ಲಿ ಆ ಪದಕ್ಕೆ ಸಂಕೇತ, ಗುಟ್ಟು ಬಿಡಿಸುವ ಸುಳಿವು ಎಂದರ್ಥ. 16 ಮಾತ್ರೆಗಳಲ್ಲಿ ಐದೇ ಪೆಟ್ಟು: 1, 4, 7, 11, 13. ಈ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದರೆ ಮಕ್ಕಳು ಎಣಿಸುತ್ತಾ ಕೂರುತ್ತಾರೆ, ಲಯ ಹತ್ತುವುದಿಲ್ಲ. ಅದಕ್ಕೆ ಸೊಲ್ಲುಕಟ್ಟಿನಲ್ಲೇ, ಅಂದರೆ ನಮ್ಮ ತಾಳದ ಬಾಯಿಪಾಠದಲ್ಲೇ, ಹೇಳಿಸುತ್ತೇನೆ: ತಕಿಟ ತಕಿಟ ತಕದಿಮಿ ತಕ ತಕದಿಮಿ. ಪ್ರತಿ ಸೊಲ್ಲಿನ ಮೊದಲ ‘ತ’ಕ್ಕೆ ಮಾತ್ರ ಚಪ್ಪಾಳೆ. 3+3+4+2+4, ಅಕ್ಷರಕ್ಕೆ ಎರಡು ಮಾತ್ರೆ ಹಿಡಿದರೆ ಆದಿತಾಳದ ಒಂದು ಆವರ್ತಕ್ಕೆ ಸರಿಯಾಗಿ ಕೂರುತ್ತದೆ. ಕಾಲಲ್ಲಿ ನಾಲ್ಕು ಮಾತ್ರೆಗೊಂದು ಹೆಜ್ಜೆ. ಮೆಟ್ರೊನೋಮ್ ನಿಮಿಷಕ್ಕೆ 50 ಹೆಜ್ಜೆಯಿಂದ ಶುರು. 80 ತಲುಪಿದರೆ ಶಾಲಾ ತಂಡಕ್ಕೆ ಧಾರಾಳವಾಯಿತು.

ತಪ್ಪುವುದು ಎರಡು ಕಡೆ. ಮೊದಲ ಮೂರು ಪೆಟ್ಟನ್ನು ಎಂಟು ಮಾತ್ರೆಗೆ ಸಮನಾಗಿ ಹಂಚಿ ತಿಶ್ರ (ಮೂರರ ನಡೆ) ಮಾಡಿಬಿಡುತ್ತಾರೆ. ಬಾಯಲ್ಲಿ ಸೊಲ್ಲು ನಿಂತ ಕೂಡಲೇ ಇದು ಶುರುವಾಗುತ್ತದೆ, ಹಾಗಾಗಿ ಸೊಲ್ಲು ನಿಲ್ಲಿಸಲು ಅವಸರ ಬೇಡ. ಎರಡನೆಯದು 9ನೇ ಮಾತ್ರೆ. ಅಲ್ಲಿ ಹೆಜ್ಜೆ ಇದೆ, ಪೆಟ್ಟಿಲ್ಲ. ಆದರೂ ಕೈ ಹೋಗಿಬಿಡುತ್ತದೆ. ಆ ಒಂದು ಹೆಜ್ಜೆಯನ್ನು ಮಾತ್ರ ನೆಲ ಸದ್ದಾಗುವಂತೆ ಊರಿಸಿದರೆ ಕೈ ಸುಮ್ಮನಾಗುತ್ತದೆ.

ಮೃದಂಗ, ತಬಲಾ ಕಲಿತ ಮಕ್ಕಳಿಗೆ ಇನ್ನೊಂದು ಚಟ: ಸಮ (ಆವರ್ತದ ಮೊದಲ ಪೆಟ್ಟು) ಬಂದರೆ ಬಾರಿಸದೆ ಇರಲಾರರು. ಸೊನ್‌ನ ಬೇಸ್ ಸಾಮಾನ್ಯವಾಗಿ ಸಮವನ್ನೇ ತಪ್ಪಿಸಿಕೊಂಡು ಓಡುತ್ತದೆ. ಎಂಟು ಮಾತ್ರೆಯಲ್ಲಿ 4 ಮತ್ತು 7ಕ್ಕೆ ಮಾತ್ರ. ಬೇಸ್ ಗಿಟಾರ್ ಇಲ್ಲದ ಶಾಲೆಯಲ್ಲಿ ಇದನ್ನು ದೊಡ್ಡ ಡ್ರಮ್ಮಿಗೆ ಕೊಡಬಹುದು, ಆದರೆ ತಂಡದಲ್ಲಿ ಅತಿ ಗಟ್ಟಿ ಲಯದ ಮಗುವಿನ ಕೈಗೇ ಕೊಡಿ.

ಕಾಂಗಾ ಎಂದರೆ ಕೈಯಲ್ಲಿ ಬಾರಿಸುವ ಎತ್ತರದ ಡ್ರಮ್. ಅದರ ತುಂಬಾವೊ, ಅಂದರೆ ಮರಳಿ ಮರಳಿ ನುಡಿಸುವ ಮೂಲ ನಡೆ, ಎಂಟು ಪೆಟ್ಟಿನದು. ಬಾಯಿಪಾಠಕ್ಕೆ ನಾನು ಮಾಡಿಕೊಂಡದ್ದು: ಮ–ತು–ಟಪ್–ತು–ಮ–ತು–ಗುಂ–ಗುಂ. ‘ಮ’ ಎಂದರೆ ಅಂಗೈಯ ಮಣಿಕಟ್ಟಿನ ಕಡೆಯ ಭಾಗ, ‘ತು’ ಬೆರಳತುದಿ, ‘ಟಪ್’ ಸ್ಲ್ಯಾಪ್, ‘ಗುಂ’ ತೆರೆದ ನಾದ. ಕೈ: ಎಡ ಎಡ ಬಲ ಎಡ, ಎಡ ಎಡ ಬಲ ಬಲ. ಸ್ಲ್ಯಾಪ್ ಬರುವುದು ಬಲದಿಂದಲ್ಲ. ಕೈ ತುಸು ಬಟ್ಟಲಾಗಿ, ಬೆರಳತುದಿ ಚರ್ಮಕ್ಕೆ ಚಾಟಿಯ ಹಾಗೆ ತಾಗಬೇಕು. ಅಂಗೈ ಕೆಂಪಾಗಿದ್ದರೆ ಮಗು ಬರೀ ಹೊಡೆಯುತ್ತಿದೆ ಎಂದರ್ಥ. ‘ಗುಂ’ ಮಂಕಾಗಿ ಕೇಳಿದರೆ ಬೆರಳು ಚರ್ಮದ ಮೇಲೇ ಉಳಿದಿದೆ, ಇಲ್ಲವೇ ಕಾಂಗಾ ನೆಲಕ್ಕೆ ಅಂಟಿ ನಿಂತಿದೆ. ಕೂತು ನುಡಿಸುವಾಗ ತುಸು ವಾಲಿಸಿ, ತಳದಿಂದ ಗಾಳಿ ಹೋಗಲಿ. ಉಂಗುರ, ವಾಚು, ಬಳೆ ತೆಗೆಸುವುದಂತೂ ಕಡ್ಡಾಯ.

ಕ್ಲಾವೆ ಬಾರಿಸುವ ಜೋಡಿ ಕೋಲುಗಳನ್ನು ಹೆಚ್ಚಿನವರು ಮುಷ್ಟಿಯಲ್ಲಿ ಬಿಗಿ ಹಿಡಿದು ಸದ್ದು ಸಾಯಿಸುತ್ತಾರೆ. ಒಂದು ಕೋಲು ಬಟ್ಟಲಾದ ಅಂಗೈ ಮೇಲೆ ಹಗುರವಾಗಿ ಕೂರಬೇಕು, ಇನ್ನೊಂದು ಅದರ ನಡುವಿಗೆ ಬೀಳಬೇಕು. ಗೀರುಗಳಿರುವ ಸೋರೆ ಬುರುಡೆಯ ವಾದ್ಯ ಗೂಯಿರೋಗೆ ಒಂದು ಉದ್ದ ಗೀರು, ಎರಡು ಚಿಕ್ಕದು: ಚೀ–ಚಿಕಿ. ಮರಾಕಾಸ್ ಎಂಬ ಜೋಡಿ ಗಿಲಕಿ ಎಂಟೂ ಮಾತ್ರೆ ಆಡಿಸುತ್ತದೆ. ಮಣಿಗಳು ತಡವಾಗಿ ಬೀಳುವುದರಿಂದ ಮಣಿಕಟ್ಟಿನ ಝಟಕೆ ಬೇಕು, ತೋಳು ಬೀಸಿದರೆ ಲಯ ಹಿಂದೆ ಬೀಳುತ್ತದೆ.

12 ಮಕ್ಕಳಿದ್ದರೆ ಕ್ಲಾವೆಗೆ 2, ಮರಾಕಾಸ್‌ಗೆ 2, ಗೂಯಿರೋ, ಬೊಂಗೊ (ಜೋಡಿ ಚಿಕ್ಕ ಡ್ರಮ್), ಕೌಬೆಲ್ (ಕೋಲಿನಿಂದ ಬಾರಿಸುವ ಲೋಹದ ಗಂಟೆ), ಬೇಸ್ ತಲಾ 1, ಕಾಂಗಾಕ್ಕೆ 4. ಕ್ಲಾವೆಯ ಮೊದಲ ಅರ್ಧದಲ್ಲಿ ಮೂರು ಪೆಟ್ಟು, ಎರಡನೆಯದರಲ್ಲಿ ಎರಡು. ಹಾಡು ಎರಡು ಪೆಟ್ಟಿನ ಅರ್ಧದಿಂದ ಶುರುವಾಗುವುದೂ ಉಂಟು. ಆಗ ಕ್ಲಾವೆಯೂ ಅಲ್ಲಿಂದಲೇ. ನಡುವೆ ಯಾರೋ ಈ ಅರ್ಧಗಳನ್ನು ಅದಲುಬದಲು ಮಾಡಿಕೊಂಡರೆ ಉಳಿದವರು ಅವರ ಹಿಂದೆ ಹೋಗಬಾರದು. ತಪ್ಪಿದವರು ಕೈ ನಿಲ್ಲಿಸಿ, ಕಾಲು ನಡೆಸುತ್ತಾ, ಕ್ಲಾವೆ ಕೇಳಿ ಮತ್ತೆ ಸೇರಬೇಕು.

ಬಾಟಾ ಡ್ರಮ್ಮುಗಳನ್ನು ನಾನು ಶಾಲೆಗೆ ತರುವುದಿಲ್ಲ. ಅವು ಸಾಂತೆರಿಯಾ ಎಂಬ, ಆಫ್ರಿಕಾ ಮೂಲದ ಕ್ಯೂಬಾ ಧರ್ಮದ ಪೂಜೆಯ ವಾದ್ಯಗಳು. ಗುರುವಿಲ್ಲದೆ ಅದರ ತಂಟೆ ಬೇಡ. ಕ್ಯೂಬಾದ ಇನ್ನೊಂದು ಸಂಗೀತ ರುಂಬಾ. ಅದರ ಕ್ಲಾವೆಯನ್ನು ಮುಂದಿನ ಟರ್ಮ್‌ಗೆ ಇಡಿ. ಮೂರನೇ ಪೆಟ್ಟು 7ರಿಂದ 8ಕ್ಕೆ ಜಾರುತ್ತದೆ, ಅಷ್ಟೇ: ತಕಿಟ ತಕದಿಮಿ ತಕಿಟ ತಕ ತಕದಿಮಿ. ಎರಡನ್ನೂ ಒಟ್ಟಿಗೆ ಕಲಿಸಿದರೆ ಮಕ್ಕಳು ಏಳೂ ಅಲ್ಲ, ಎಂಟೂ ಅಲ್ಲ ಎನ್ನುವ ಕಡೆ ಬಾರಿಸುತ್ತಾರೆ.