ಗ್ಯಾಸ್ಟ್ರಿಕ್ ಮಾತ್ರೆ ಮತ್ತು ಎರಡು ಅಲ್ಪವಿರಾಮ

ಆ ಅಮ್ಮ ಹಾಸನದ ಕಡೆಯವರು. ವಯಸ್ಸು 62. ಮಗನ ಕೈ ಹಿಡಿದು, ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ನಮ್ಮ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ ಬಂದರು. ಎರಡೂ ಕೈ ನಡುಗುತ್ತಿದ್ದವು. ಗದ್ದವೂ ಅದುರುತ್ತಿತ್ತು. ಊರಲ್ಲಿ ಪಾರ್ಕಿನ್ಸನ್ ಅಂತ ಹೇಳಿ ಮಾತ್ರೆ ಶುರು ಮಾಡಿದ್ದರು. ಬೆಂಗಳೂರಿನ ನರರೋಗ ತಜ್ಞರಿಗೆ ಅನುಮಾನ ಬಂದು, ಅದು ನಿಜವಾಗಿ ಪಾರ್ಕಿನ್ಸನ್ನೇ ಅಂತ ತಿಳಿಯಲು ಟ್ರೊಡ್ಯಾಟ್ ಅನ್ನುವ ಮಿದುಳಿನ ಸ್ಕ್ಯಾನ್‌ಗೆ ಬರೆದಿದ್ದರು.

'ಬೇರೆ ಯಾವುದಾದರೂ ಮಾತ್ರೆ ತಗೋತೀರಾ ಅಮ್ಮಾ?'

'ಇಲ್ಲ ಡಾಕ್ಟ್ರೇ.'

ಮಗ ನಡುವೆ ಬಾಯಿ ಹಾಕಿದ. 'ಬರೀ ಗ್ಯಾಸ್ಟ್ರಿಕ್ ಮಾತ್ರೆ. ಅದು ಲೆಕ್ಕಕ್ಕಿಲ್ಲ ಅಲ್ವಾ?'

ಪ್ಲಾಸ್ಟಿಕ್ ಕವರಿನಿಂದ ಸ್ಟ್ರಿಪ್ ತೆಗೆಸಿ ನೋಡಿದೆ. ಸಣ್ಣ ಅಕ್ಷರದಲ್ಲಿ ಎರಡು ಹೆಸರು. ಪ್ಯಾಂಟೊಪ್ರಜೋಲ್, ಅದರ ಕೆಳಗೆ ಲೆವೋಸಲ್ಪಿರೈಡ್ 75 ಮಿಲಿಗ್ರಾಂ. ಎಂಟು ತಿಂಗಳಿಂದ ದಿನಾ ಬೆಳಿಗ್ಗೆ ಒಂದು ನುಂಗುತ್ತಿದ್ದರು.

ಮಗ ತೋಟ ಮಾಡುವವನು. ಅವನಿಗೆ ಹೀಗೆ ಹೇಳಿದೆ. ತೋಟಕ್ಕೆ ನೀರು ಬರುತ್ತಿಲ್ಲ ಅಂದರೆ ಪಂಪು ಸುಟ್ಟಿರಬಹುದು, ಇಲ್ಲ ಗೇಟ್ ವಾಲ್ವ್ ಮುಚ್ಚಿರಬಹುದು. ಗಿಡ ಬಾಡೋದು ಎರಡರಲ್ಲೂ ಒಂದೇ ಥರ. ನೀರು ಅಂದರೆ ಡೋಪಮೈನ್, ನಮ್ಮ ಚಲನೆಯನ್ನು ಹತೋಟಿಯಲ್ಲಿಡುವ ಮಿದುಳಿನ ರಾಸಾಯನಿಕ. ಪಾರ್ಕಿನ್ಸನ್‌ನಲ್ಲಿ ಡೋಪಮೈನ್ ಕಳಿಸುವ ನರಗಳೇ ಸಾಯುತ್ತವೆ, ಅದು ಪಂಪು. ಲೆವೋಸಲ್ಪಿರೈಡ್ ಮುಚ್ಚೋದು ಡೋಪಮೈನ್ ಬಂದು ಕೂರುವ ಡಿ2 ರಿಸೆಪ್ಟರ್‌ಗಳನ್ನು, ಅಂದರೆ ವಾಲ್ವನ್ನು. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಜೀನ್, ಮಾನಸಿಕ ಕಾಯಿಲೆಯ ಹ್ಯಾಲೊಪೆರಿಡಾಲ್, ಇವೂ ಇದೇ ತೊಂದರೆ ತರಬಲ್ಲವು.

ವಾಲ್ವನ್ನೇ ನೇರವಾಗಿ ನೋಡಲು ಸಾಧ್ಯ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಲಾರ್ಸ್ ಫಾರ್ಡೆ ಮತ್ತವರ ಜೊತೆಗಾರರು 1980ರ ದಶಕದಲ್ಲೇ, ಡಿ2 ರಿಸೆಪ್ಟರ್‌ಗೆ ಅಂಟುವ ರಾಕ್ಲೋಪ್ರೈಡ್ ಬಳಸಿ, ಪೆಟ್ ಸ್ಕ್ಯಾನ್‌ನಿಂದ ಇದನ್ನು ಅಳೆದರು. ಮುಂದೆ ಬಂದ ಅಧ್ಯಯನಗಳಲ್ಲಿ ಒಂದು ಲೆಕ್ಕ ಸಿಕ್ಕಿತು. ಹ್ಯಾಲೊಪೆರಿಡಾಲ್‌ನಂಥ ಔಷಧಿ ಸುಮಾರು 65% ರಿಸೆಪ್ಟರ್ ಹಿಡಿದರೆ ಮಾನಸಿಕ ಕಾಯಿಲೆಗೆ ಗುಣ ಕಾಣುತ್ತದೆ. 80%ರ ಹತ್ತಿರ ಹೋದರೆ ನಡುಕ, ಬಿಗಿತ ಶುರು. ನಡುವಿನ ಜಾಗ ಎಷ್ಟು ಕಿರಿದು ನೋಡಿ! ಅದೇ ಕಾಯಿಲೆಯ ಇನ್ನೊಂದು ಔಷಧಿ ಕ್ಲೋಜಪಿನ್ ಹಿಡಿಯುವುದೇ ಕಡಿಮೆ, ಅದಕ್ಕೇ ನಡುಕ ತರೋದೂ ಅಪರೂಪ. ಆದರೆ ರಾಕ್ಲೋಪ್ರೈಡ್‌ಗೆ ಹಚ್ಚುವ ವಿಕಿರಣಶೀಲ ಕಾರ್ಬನ್-11 ಪ್ರತಿ 20 ನಿಮಿಷಕ್ಕೆ ಅರ್ಧ ಕರಗುತ್ತದೆ. ಅದನ್ನು ತಯಾರಿಸುವ ಯಂತ್ರ, ಸೈಕ್ಲೋಟ್ರಾನ್, ಪಕ್ಕದಲ್ಲೇ ಇರಬೇಕು. ದಿನನಿತ್ಯದ ರೋಗಿಗೆ ಅದು ಆಗದ ಮಾತು.

ಹಾಗಾಗಿ ನಾವು ನೋಡೋದು ಪಂಪನ್ನು. ಟ್ರೊಡ್ಯಾಟ್ ಹೋಗಿ ಅಂಟಿಕೊಳ್ಳೋದು ಡೋಪಮೈನ್ ಕಳಿಸುವ ನರದ ತುದಿಯಲ್ಲಿರುವ ಡೋಪಮೈನ್ ಟ್ರಾನ್ಸ್‌ಪೋರ್ಟರ್‌ಗೆ. ನರ ಸತ್ತರೆ ಅಂಟಲು ಜಾಗ ಇರಲ್ಲ. ಬೆಳಿಗ್ಗೆ ಜನರೇಟರ್ ಅನ್ನುವ ಪೆಟ್ಟಿಗೆಯಿಂದ ವಿಕಿರಣಶೀಲ ಟೆಕ್ನೀಷಿಯಂ ತೆಗೆಯುತ್ತೇವೆ, ಹಸುವಿನಿಂದ ಹಾಲು ಕರೆದ ಹಾಗೆ. ಅದನ್ನು ಟ್ರೊಡ್ಯಾಟ್ ಕಿಟ್‌ಗೆ ಸೇರಿಸಿ, ಬಿಸಿ ಮಾಡಿ, ತಣಿಸಿ, ಕೈಯ ರಕ್ತನಾಳಕ್ಕೆ ಕೊಡುತ್ತೇವೆ. ಆಮೇಲೆ 3ರಿಂದ 4 ಗಂಟೆ ಕಾಯಬೇಕು. ಅವಸರ ಮಾಡಿದರೆ ಮಿದುಳೆಲ್ಲಾ ಮಸುಕಾಗಿ ಕಾಣುತ್ತದೆ.

ನಿಜವಾದ ಕೆಲಸ ಇರೋದು ತಲೆ ಇಡುವುದರಲ್ಲಿ. ಶುರುವಿನ ದಿನಗಳಲ್ಲಿ ಒಬ್ಬರ ತಲೆ ಸ್ವಲ್ಪ ಓರೆ ಇದ್ದದ್ದು ನನ್ನ ಗಮನಕ್ಕೆ ಬರಲಿಲ್ಲ. ಎಡಗಡೆ ಕಡಿಮೆ ಇದೆ ಅಂತ ವರದಿ ಬರೆಯಲು ಹೊರಟಿದ್ದೆ. ಚಿತ್ರವನ್ನು ತಿರುಗಿಸಿ ನೇರ ಮಾಡಿದಾಗ ಎರಡೂ ಕಡೆ ಸಮ! ಓರೆಯನ್ನು ಕಂಪ್ಯೂಟರ್‌ನಲ್ಲಿ ಸರಿಮಾಡಬಹುದು, ಅಲುಗಾಟವನ್ನು ಸರಿಮಾಡೋದು ಕಷ್ಟ. ಈ ಅಮ್ಮನಿಗೆ ಕಿವಿಯ ಎರಡೂ ಪಕ್ಕ ಮಡಿಸಿದ ಬಟ್ಟೆ ಇಟ್ಟೆವು. ಹಣೆಗೊಂದು, ಗದ್ದಕ್ಕೊಂದು ಪಟ್ಟಿ ಹಾಕಿದೆವು. ಮಂಡಿ ಕೆಳಗೆ ದಿಂಬು. ಅರ್ಧ ಗಂಟೆ ಸುಮ್ನೆ ಮಲಗಿದರು.

ಪರದೆ ಮೇಲೆ, ಮಿದುಳಿನಲ್ಲಿ ಟ್ರೊಡ್ಯಾಟ್ ಅಂಟಿದ ಜಾಗ ಬೆಳಗಿ, ಎರಡು ಅಲ್ಪವಿರಾಮ ಎದುರುಬದುರು ಕೂತಿದ್ದವು, ಬಾಲದ ತುದಿಯವರೆಗೂ ಸ್ಪಷ್ಟವಾಗಿ. ಪಾರ್ಕಿನ್ಸನ್ ಆಗಿದ್ದರೆ ಮೊದಲು ಬಾಲ ಅಳಿಸಿಹೋಗಿ ಬರೀ ಚುಕ್ಕಿ ಉಳಿಯುತ್ತಿತ್ತು. ಪಂಪು ಚೆನ್ನಾಗಿಯೇ ಇತ್ತು.

ನರರೋಗ ತಜ್ಞರು ಆ ಗ್ಯಾಸ್ಟ್ರಿಕ್ ಮಾತ್ರೆ ನಿಲ್ಲಿಸಿದರು. ಐದು ತಿಂಗಳಾದ ಮೇಲೆ ಮಗ ಬಂದು ಒಂದು ಮೊಳ ಕನಕಾಂಬರ ನನ್ನ ಮೇಜಿನ ಮೇಲಿಟ್ಟ. 'ಅಮ್ಮನೇ ಕಟ್ಟಿದ್ದು ಡಾಕ್ಟ್ರೇ.' ಗಂಟುಗಳು ಒಂದರ ಪಕ್ಕ ಒಂದು, ಒತ್ತಾಗಿದ್ದವು. ಅದನ್ನು ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ.

ಎಲ್ಲರಿಗೂ ಹೀಗಾಗಲ್ಲ. ಅದೇ ಮಾತ್ರೆ ತಗೊಂಡಿದ್ದ ಇನ್ನೊಬ್ಬರ ಸ್ಕ್ಯಾನ್‌ನಲ್ಲಿ ಬಾಲ ಇರಲೇ ಇಲ್ಲ. ಒಳಗೆ ಮೊದಲೇ ಶುರುವಾಗಿದ್ದ ಪಾರ್ಕಿನ್ಸನ್ನನ್ನು ಮಾತ್ರೆ ಬೇಗ ಹೊರಗೆ ತಂದಿತ್ತು. ಇನ್ನು ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ಳುವವರು ಇದನ್ನು ಓದಿ ತಾವೇ ನಿಲ್ಲಿಸಬೇಡಿ, ದಯವಿಟ್ಟು. ಕಾಯಿಲೆ ಮರುಕಳಿಸಿದರೆ ಆಗುವ ನಷ್ಟ ನಡುಕಕ್ಕಿಂತ ಜಾಸ್ತಿ. ಡೋಸ್ ಇಳಿಸಬೇಕೋ, ಔಷಧಿ ಬದಲಿಸಬೇಕೋ, ಅದನ್ನು ಮನೋವೈದ್ಯರೇ ಹೇಳಬೇಕು.

ನಮ್ಮ ಅಪಾಯಿಂಟ್‌ಮೆಂಟ್ ಚೀಟಿಯಲ್ಲಿ ಈಗ ದಪ್ಪ ಅಕ್ಷರದಲ್ಲಿ ಒಂದು ಸಾಲಿದೆ: 'ಕಳೆದ ಒಂದು ವರ್ಷದಲ್ಲಿ ನುಂಗಿದ ಎಲ್ಲಾ ಮಾತ್ರೆಗಳ ಸ್ಟ್ರಿಪ್ ತನ್ನಿ. ಗ್ಯಾಸ್ಟ್ರಿಕ್ ಮಾತ್ರೆಯದ್ದೂ.'