20 ಮೀಟರ್ ಕೇಬಲ್ ಎಳೆದರೂ ಅಲ್ಟ್ರಾಸೋನಿಕ್ ಸೆನ್ಸರ್ ಓದುತ್ತದೆ: ನನ್ನ ಅನುಭವ

ಶಬ್ದ ಕಳಿಸಿ, ನೀರಿಗೆ ಬಡಿದು ಬರುವ ಎಕೋದಿಂದ ನೀರಿನ ಮಟ್ಟ ಅಳೆಯುವ ಸೆನ್ಸರ್ ಟ್ಯಾಂಕ್ ಮೇಲೆ, ಅದನ್ನು ನಡೆಸುವ ಬೋರ್ಡ್ ಕೆಳಗೆ ಪಂಪ್ ರೂಮಿನಲ್ಲಿ, ನಡುವೆ 20 ಮೀಟರ್ ಕೇಬಲ್. ಇದು ಆಗೋದೇ ಇಲ್ಲ ಅಂತ ಕಲಬುರಗಿಯ ನಮ್ಮ ಲೈನಿನವರೆಲ್ಲ ಹೇಳಿದ್ದರು. ಸೇಡಂ ರಸ್ತೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಅದು ಈಗ ಪೂರ್ತಿ ಬೇಸಿಗೆ ದಾಟಿದೆ.

ಬೋರ್ಡನ್ನೇ ಮೇಲಿಟ್ಟು ಆರ್‌ಎಸ್-485 (ದೂರಕ್ಕೆ ಡೇಟಾ ಒಯ್ಯುವ ಲೈನ್) ಎಳೆಯಬಹುದಲ್ವಾ ಅನ್ನುತ್ತೀರಿ. ಹಾಗೆಯೇ ಮಾಡಿದ್ದೆ. ಮೇ ತಿಂಗಳ ಬಿಸಿಲಿಗೆ ಮಾಳಿಗೆ ಮೇಲಿನ ಡಬ್ಬಿ ಒಲೆಯಾಗುತ್ತದೆ. ಕೆಪಾಸಿಟರ್ ಉಬ್ಬಿ ಬೋರ್ಡುಗಳು ಹೋದವು. ನಾಲ್ಕೈದು ಸಾವಿರ ನನ್ನ ಕೈಯಿಂದಲೇ ಹೋಯಿತು.

ಬೋರ್ಡ್ ಕೆಳಗಿಳಿಸಿ ಮೊದಲು ಶೀಲ್ಡ್ (ಹೊರಗಿನ ಗದ್ದಲ ತಡೆಯುವ ಲೋಹದ ಹೊದಿಕೆ) ಇರುವ ಆಡಿಯೋ ವೈರ್ ಎಳೆದೆ. ಟ್ಯಾಂಕ್ ತುಂಬಿದ್ದಾಗ ರೀಡಿಂಗ್ ಸರಿ, ನೀರು ಇಳಿದ ಹಾಗೆ ಎಕೋ ಮಾಯ. ಸೆನ್ಸರ್ ಬದಲಿಸಿದರೂ ಅದೇ ಕಥೆ. ಕೇಬಲ್ಲನ್ನೇ ಮೀಟರಿಗೆ ಹಚ್ಚಿ ನೋಡಿದೆ. ಸೆನ್ಸರಿನ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಗುಣ) ಸುಮಾರು 2 ನ್ಯಾನೋಫ್ಯಾರಡ್, ಕೇಬಲ್ಲಿನದೂ ಹೆಚ್ಚುಕಡಿಮೆ ಅಷ್ಟೇ! ಎರಡೂ ಪ್ಯಾರಲಲ್. ಅಂದರೆ ವಾಪಸ್ ಬರುವ ವೋಲ್ಟೇಜಿನಲ್ಲಿ ಅರ್ಧ ಅಲ್ಲೇ ಹೋಯಿತು. ಕಳಿಸುವಾಗಲೂ, ಸೆನ್ಸರಿಗೆ ವೋಲ್ಟೇಜ್ ಏರಿಸಿ ಕೊಡುವ ಬೋರ್ಡಿನ ಟ್ರಾನ್ಸ್‌ಫಾರ್ಮರ್ ಟ್ಯೂನ್ ತಪ್ಪುತ್ತದೆ. ಸುಮ್ನೆ ಸೆನ್ಸರ್ ಮೇಲೆ ದುಡ್ಡು ಸುರಿಯುತ್ತಿದ್ದೆವು.

ಡಿಶ್ ಟಿವಿಯ ಆರ್‌ಜಿ-6 ಕೇಬಲ್ ಮೀಟರಿಗೆ ಸುಮಾರು 53 ಪಿಕೋಫ್ಯಾರಡ್, ದರವೂ ಕಡಿಮೆ. ಅದನ್ನೇ ಹಾಕಿದೆ. ಅದರ ಹೆಣಿಗೆ ಅಲ್ಯುಮಿನಿಯಂ, ಸೋಲ್ಡರ್ ಹಿಡಿಯುವುದಿಲ್ಲ. ಡಿಶ್ ಕೇಬಲ್ಲಿನ ಎಫ್ ಕನೆಕ್ಟರನ್ನು ಕ್ರಿಂಪ್ ಮಾಡಿ (ಒತ್ತಿ ಬಿಗಿದು) ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಏರಿಸಿ.

ಅಷ್ಟಕ್ಕೇ ಬಿಟ್ಟರೆ ಸಾಲದು. ಈಗ ಸೆನ್ಸರಿನ 2, ಕೇಬಲ್ಲಿನ 1 ಸೇರಿ ಒಟ್ಟು 3 ನ್ಯಾನೋಫ್ಯಾರಡ್ ಆಯಿತು. ಸೆನ್ಸರಿನ 40 ಕಿಲೋಹರ್ಟ್ಸ್ ಶಬ್ದಕ್ಕೆ ಟ್ಯೂನ್ ಆಗಲು ಟ್ರಾನ್ಸ್‌ಫಾರ್ಮರಿನ ಇಂಡಕ್ಟೆನ್ಸ್ ಕೇಬಲ್ ಇಲ್ಲದಾಗ 8 ಮಿಲಿಹೆನ್ರಿ ಬೇಕಿದ್ದದ್ದು 5ರ ಹತ್ತಿರ ಇಳಿಯಬೇಕು. ಟ್ರಾನ್ಸ್‌ಫಾರ್ಮರಿನ ಕೋರ್ ತಿರುಗಿಸಿ, ಸ್ಕೋಪ್ (ಸಿಗ್ನಲ್ ತೋರಿಸುವ ಯಂತ್ರ) ನೋಡುತ್ತಾ ಸಿಗ್ನಲ್ ಗರಿಷ್ಠವಾದಲ್ಲಿ ನಿಲ್ಲಿಸಿದೆ. ಕೇಬಲ್ ಜೋಡಿಸಿಕೊಂಡೇ ಟ್ಯೂನ್ ಮಾಡಬೇಕು, ಮೇಜಿನ ಮೇಲೆ ಮಾಡಿದ್ದು ಉಪಯೋಗಕ್ಕಿಲ್ಲ. ಕೋರ್ ಸಾಲದ ಬೋರ್ಡಿಗೆ ನಾನೇ ಸುತ್ತುತ್ತೇನೆ. ಎಷ್ಟು ಸುತ್ತು, ಯಾವ ಕೋರ್ ಅನ್ನೋದು ನನ್ನ ಹತ್ತಿರವೇ ಇರಲಿ.

ಲ್ಯಾನ್ ಕೇಬಲ್ಲಿನ ಒಂದು ಜೋಡಿಯನ್ನೂ ಹಾಕಿ ನೋಡಿದ್ದೆ. ಕೆಪಾಸಿಟೆನ್ಸ್ ಚೆನ್ನಾಗಿದೆ, ಆದರೆ ಶೀಲ್ಡ್ ಇಲ್ಲ. ಪಂಪಿನ ಸ್ಟಾರ್ಟರ್ ಎಳೆದುಕೊಂಡಾಗಲೆಲ್ಲ ಸುಳ್ಳು ಎಕೋ.

ಇನ್ನೊಂದು. ಗಾಳಿಯಲ್ಲಿ ಶಬ್ದದ ವೇಗ ಪ್ರತಿ ಡಿಗ್ರಿಗೆ ಸೆಕೆಂಡಿಗೆ 0.6 ಮೀಟರ್‌ನಷ್ಟು ಏರುತ್ತದೆ. 25 ಡಿಗ್ರಿಗೆ ಹೊಂದಿಸಿದ ಬೋರ್ಡ್ 43 ಡಿಗ್ರಿಯಲ್ಲಿ ನೀರಿನವರೆಗಿನ ಎರಡೂವರೆ ಮೀಟರ್ ದೂರವನ್ನು ಏಳೆಂಟು ಸೆಂಟಿಮೀಟರ್ ಕಡಿಮೆ ಓದುತ್ತದೆ. ನೀರು ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಟ್ಯಾಂಕಿನೊಳಗೆ ಒಂದು ತಾಪಮಾನ ಸೆನ್ಸರ್ ಇಳಿಬಿಟ್ಟು ಅದನ್ನೂ ಸರಿಮಾಡಿದೆ.

30 ಮೀಟರ್ ಮೇಲಾದರೆ ಈ ದಾರಿ ಬೇಡ. ಅಲ್ಲಿ ಸೆನ್ಸರಿನ ಪಕ್ಕದಲ್ಲೇ ಪ್ರಿಆಂಪ್ (ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಸರ್ಕ್ಯೂಟ್) ಬೇಕು.