ಚಿಕ್ಕ ಕಾರಿಗೆ ಟೈರ್ ಆರಿಸುವುದು ಹೇಗೆ?

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರಲ್ಲಿ ಉದ್ಘಾಟನೆಯಾದ ಮೇಲೆ ನಮ್ಮ ಕಡೆಯ ಚಿಕ್ಕ ಕಾರುಗಳ ಕೆಲಸವೇ ಬದಲಾಗಿದೆ. ಊರೊಳಗೆ ನಲವತ್ತರಲ್ಲಿ ಓಡಾಡಿಕೊಂಡಿದ್ದ ಗಾಡಿ ಈಗ ಗಂಟೆಗೂ ಹೆಚ್ಚು ಹೊತ್ತು ತೊಂಬತ್ತು, ನೂರರಲ್ಲಿ ಹೋಗುತ್ತದೆ. ಆದರೂ ಟೈರ್ ಬದಲಾಯಿಸುವಾಗ ಎಷ್ಟೋ ಜನ ಅಂಗಡಿಯಲ್ಲಿ ಕೊಟ್ಟಿದ್ದನ್ನೇ ಹಾಕಿಸಿಕೊಂಡು ಬರುತ್ತಾರೆ. ಬ್ರೇಕ್, ಪಿಕಪ್, ಮೈಲೇಜ್ ಮೂರೂ ಟೈರಿನ ಮೇಲೆ ನಿಂತಿವೆ. ಅಲ್ಲಿ ಸ್ವಲ್ಪ ಹೊತ್ತು ಕೊಟ್ಟು ನೋಡಲೇಬೇಕು.

ಬದಲಾಯಿಸುವ ಕಾಲ ಬಂತಾ?

ಟೈರಿನ ಅಂಚಿನಲ್ಲಿ ಚಿಕ್ಕ ತ್ರಿಕೋನ ಅಥವಾ ‘ಟಿಡಬ್ಲ್ಯುಐ’ (TWI) ಅಕ್ಷರ ಇರುತ್ತದೆ. ಅದರ ನೇರಕ್ಕೆ ಗ್ರೂವ್, ಅಂದರೆ ಟೈರಿನ ಮೇಲಿನ ಆಳದ ಗೀರಿನ ಒಳಗೆ ಬೆರಳಾಡಿಸಿ. ಅಡ್ಡಕ್ಕೆ ಒಂದು ರಬ್ಬರ್ ದಿಣ್ಣೆ ಸಿಗುತ್ತದೆ. ಅದರ ಎತ್ತರ 1.6 ಮಿ.ಮೀ. ಟೈರ್ ಸವೆದು ಅದರ ಮಟ್ಟಕ್ಕೆ ಬಂದಿದ್ದರೆ ಮುಂದಕ್ಕೆ ಹಾಕಬೇಡಿ. ಗ್ರೂವ್ ಚೆನ್ನಾಗಿದ್ದರೂ ಸೈಡಲ್ಲಿ ಉಬ್ಬು ಬಂದಿದ್ದರೆ, ರಬ್ಬರ್ ಬಿರುಕು ಬಿಟ್ಟಿದ್ದರೆ ಆ ಟೈರ್ ಮುಗಿಯಿತು ಅಂತಲೇ ಲೆಕ್ಕ.

ಸೈಜ್ ಓದಿಕೊಳ್ಳಿ

ಡ್ರೈವರ್ ಬಾಗಿಲು ತೆರೆದರೆ ಸಾಮಾನ್ಯವಾಗಿ ಪಕ್ಕದಲ್ಲೇ ಒಂದು ಸ್ಟಿಕ್ಕರ್ ಕಾಣುತ್ತದೆ. ಟೈರ್ ಸೈಜ್, ಎಷ್ಟು ಗಾಳಿ ಎಂಬುದು ಅದರಲ್ಲಿದೆ. ಸೆಕೆಂಡ್ ಹ್ಯಾಂಡ್ ಕಾರಾದರೆ ಈಗಿರುವ ಟೈರನ್ನು ನಂಬಬೇಡಿ, ಹಿಂದಿನವರು ಬೇರೆ ಸೈಜ್ ಹಾಕಿಸಿರಬಹುದು.

155/80 ಆರ್13 79ಟಿ ಅಂತ ಇದೆ ಅನ್ನಿ. 155 ಎಂದರೆ ಟೈರಿನ ಅಗಲ, ಮಿ.ಮೀ. ಲೆಕ್ಕ. 80 ಎಂದರೆ ಸೈಡಿನ ಎತ್ತರ ಆ ಅಗಲದ ಶೇ 80ರಷ್ಟು. ಆರ್ ಅಂದರೆ ರೇಡಿಯಲ್ (ಟೈರ್ ಕಟ್ಟುವ ಒಂದು ಬಗೆ), 13 ಅಂದರೆ 13 ಇಂಚು ರಿಮ್. 79 ಅಂದರೆ ಒಂದು ಟೈರ್ 437 ಕೆ.ಜಿ. ಹೊರುತ್ತದೆ. ಟಿ ಅಂದರೆ ಗಂಟೆಗೆ 190 ಕಿ.ಮೀ. ವೇಗದವರೆಗೆ ತಾಳುತ್ತದೆ. ಕೊನೆಯ ಎರಡು ಸ್ಟಿಕ್ಕರ್‌ನಲ್ಲಿ ಇರುವುದಕ್ಕಿಂತ ಕಮ್ಮಿ ಇರಬಾರದು. ಐದು ಜನ, ಮೇಲೆ ಎರಡು ಮೂಟೆ ಅಕ್ಕಿ ಹಾಕಿಕೊಂಡು ಊರಿಗೆ ಹೋಗುವವರು ಇದನ್ನು ಮರೆಯಲೇಬಾರದು.

ದಪ್ಪ ಟೈರ್ ಬೇಕಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ನನ್ನ ಮಾತು ಕೇಳಿದರೆ, ಚಿಕ್ಕ ಕಾರಿಗೆ ಕಂಪನಿ ಕೊಟ್ಟ ಸೈಜೇ ಸರಿ.

ಅಗಲ ಜಾಸ್ತಿಯಾದರೆ ಒಣ ರಸ್ತೆಯ ತಿರುವಿನಲ್ಲಿ ಹಿಡಿತ ಚೆನ್ನಾಗಿರುತ್ತದೆ, ನಿಜ. ಆದರೆ ತೂಕ ಏರುತ್ತದೆ, ಮೈಲೇಜ್ ಇಳಿಯುತ್ತದೆ. ರಸ್ತೆಯಲ್ಲಿ ನೀರು ನಿಂತಿದ್ದರೆ ಅಗಲದ ಟೈರ್ ಬೇಗ ನೀರಿನ ಮೇಲೆ ತೇಲುತ್ತದೆ. ಎತ್ತರ ಬದಲಾದರೆ ತೊಂದರೆ ಇನ್ನೂ ಜಾಸ್ತಿ. ಲೆಕ್ಕ ಹಾಕಿ ನೋಡೋಣ. 155/80 ಆರ್13 ಟೈರಿನ ಒಟ್ಟು ಎತ್ತರ ಸುಮಾರು 578 ಮಿ.ಮೀ. ಅದೇ ರಿಮ್‌ಗೆ 165/80 ಹಾಕಿದರೆ 594. ಸುಮಾರು ಶೇ 3ರಷ್ಟು ಏರಿತು. ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಎಂಜಿನ್ ಅಷ್ಟು ಹೆಚ್ಚು ಎಳೆಯಬೇಕು. ಚಾಮುಂಡಿ ಬೆಟ್ಟ ಹತ್ತುವಾಗ ಪಿಕಪ್ ಕಮ್ಮಿಯಾಗಿದ್ದು ಕಾಲಿಗೇ ಗೊತ್ತಾಗುತ್ತದೆ. ಮೀಟರ್ ನೂರು ತೋರಿಸುವಾಗ ಗಾಡಿ ಮುಂಚೆಗಿಂತ 3 ಕಿ.ಮೀ. ಜೋರಾಗಿ ಓಡುತ್ತಿರುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿನ ಮಿತಿಯೇ 100 ಅಲ್ವಾ!

ಆದರೂ ಬದಲಾಯಿಸಲೇಬೇಕು ಅಂದರೆ ಒಟ್ಟು ಎತ್ತರ ಹೊಂದುವುದನ್ನೇ ನೋಡಿ. 175/70 ಆರ್13 ಸುಮಾರು 575 ಬರುತ್ತದೆ, 3 ಮಿ.ಮೀ. ಮಾತ್ರ ವ್ಯತ್ಯಾಸ. ಆಗಲೂ ನಿಮ್ಮ ರಿಮ್ಮಿನ ಅಗಲಕ್ಕೆ ಅದು ಕೂರುತ್ತದಾ, ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಒಳಗೆ ಉಜ್ಜುತ್ತದಾ ಎಂದು ನೋಡಿ.

ನಿಮ್ಮ ಗಾಡಿ ಎಲ್ಲಿ ಓಡುತ್ತದೆ?

ಸುಲಭವಾಗಿ ಉರುಳಿ ಮೈಲೇಜ್ ಕೊಡುವ, ಮಳೆಯಲ್ಲಿ ಗಟ್ಟಿಯಾಗಿ ಹಿಡಿಯುವ, ಬಹಳ ವರ್ಷ ಬಾಳುವ ಗುಣ ಮೂರೂ ಒಂದೇ ಟೈರಿನಲ್ಲಿ ಪೂರ್ತಿ ಸಿಗುವುದು ಕಷ್ಟ. ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದೊಳಗೇ ಓಡಾಟವಾದರೆ ಮೈಲೇಜಿನ ಟೈರ್ ಸಾಕು. ಕಬ್ಬಿನ ಗದ್ದೆ ಬದಿಯ ರಸ್ತೆ, ಗುಂಡಿ, ಮುಳ್ಳು ಇರುವ ಮಂಡ್ಯ ಕಡೆಯ ಹಳ್ಳಿಗಳಿಗೆ ಸೈಡ್ ಗಟ್ಟಿ ಇರುವುದನ್ನು ಕೇಳಿ. ಎಕ್ಸ್‌ಪ್ರೆಸ್‌ವೇ, ಮಳೆಗಾಲದ ಕೊಡಗು ಎಂದು ಓಡುವವರು ನೀರಲ್ಲಿ ಹಿಡಿತ ಇರುವ ಟೈರನ್ನೇ ಆರಿಸಿ. ಲೀಟರಿಗೆ ಅರ್ಧ ಕಿ.ಮೀ. ಕಮ್ಮಿ ಬಂದರೂ ಪರವಾಗಿಲ್ಲ, ಬ್ರೇಕ್ ಹಾಕಿದಾಗ ನಿಲ್ಲಬೇಕು.

ತಾರೀಖು ನೋಡದೆ ದುಡ್ಡು ಕೊಡಬೇಡಿ

ಟೈರಿನ ಸೈಡಲ್ಲಿ ‘ಡಾಟ್’ (DOT) ಎಂಬ ಅಕ್ಷರಗಳಿರುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಒಂದು ಕಡೆ ಕಾಣದಿದ್ದರೆ ಇನ್ನೊಂದು ಕಡೆ ತಿರುಗಿಸಿ ನೋಡಿ. ಆರು ತಿಂಗಳೊಳಗಿನದು ಸಿಕ್ಕರೆ ಒಳ್ಳೆಯದು. ವರ್ಷ ದಾಟಿದ್ದರೆ ಬೇರೆ ಕೇಳಿ. ಮೈಸೂರಿಗೆ ಟೈರ್ ಹೊಸದೇನಲ್ಲ. ಮೇಟಗಳ್ಳಿಯ ವಿಕ್ರಾಂತ್ ಕಾರ್ಖಾನೆ 1997ರಲ್ಲಿ ಜೆಕೆ ಟೈರ್ ಕಂಪನಿಯ ಕೈಗೆ ಹೋಗಿ ಇವತ್ತಿಗೂ ನಡೆಯುತ್ತಿದೆ. ಆದರೆ ಊರಲ್ಲೇ ಕಾರ್ಖಾನೆ ಇದೆ ಅಂದಮಾತ್ರಕ್ಕೆ ಅಂಗಡಿಯಲ್ಲಿರುವುದೆಲ್ಲ ಹೊಸ ಮಾಲು ಅಂತಲ್ಲ. ಐಎಸ್‌ಐ ಗುರುತನ್ನೂ ನೋಡಿ.

ಹಾಕಿಸುವಾಗ

ಎರಡೇ ಟೈರ್ ಕೊಳ್ಳುವುದಾದರೆ ಹೊಸದು ಹಿಂದಕ್ಕೆ ಇರಲಿ. ಮುಂದೆ ಎಳೆಯುವ ಕಾರಿಗೆ ಮುಂದೆಯೇ ಹಾಕಬೇಕು ಎಂದು ಹಲವರು ಹೇಳುತ್ತಾರೆ. ಆದರೆ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರಿದರೆ ಗಾಡಿ ಗಿರ್ರನೆ ತಿರುಗುತ್ತದೆ, ಸಂಭಾಳಿಸುವುದು ಕಷ್ಟ. ಹಳೆ ವಾಲ್ವ್ ತೆಗೆಸಿ ಹೊಸದು ಹಾಕಿಸಿ, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಬಿಡಬೇಡಿ. ಮೊದಲ ಇನ್ನೂರು, ಮುನ್ನೂರು ಕಿ.ಮೀ. ಜೋರಾಗಿ ಓಡಿಸಬೇಡಿ, ಹೊಸ ರಬ್ಬರ್ ಪೂರ್ತಿ ಹಿಡಿತಕ್ಕೆ ಬರಲು ಸ್ವಲ್ಪ ಸವೆಯಬೇಕು.

ಗಾಳಿ ಬೆಳಿಗ್ಗೆ, ಟೈರ್ ತಣ್ಣಗಿರುವಾಗ ಚೆಕ್ ಮಾಡಿಸಿ. ಕಮ್ಮಿ ಇದ್ದರೆ ಸೈಡ್ ಪದೇ ಪದೇ ಮಡಚಿ ಬಿಸಿಯೇರುತ್ತದೆ. ಬಿಸಿಲಲ್ಲಿ ನೂರರ ವೇಗದಲ್ಲಿ ಟೈರ್ ಸಿಡಿಯುವುದಕ್ಕೆ ಇದು ದೊಡ್ಡ ಕಾರಣ. ನೈಟ್ರೋಜನ್‌ಗೆ ಸುಮ್ನೆ ದುಡ್ಡು ಸುರಿಯಬೇಕಿಲ್ಲ, ಮಾಮೂಲಿ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಹಳೆ ಟೈರುಗಳಲ್ಲಿ ಚೆನ್ನಾಗಿರುವ ಒಂದನ್ನು ಸ್ಟೆಪ್ನಿಗೆ ಉಳಿಸಿಕೊಳ್ಳಿ. ಅದಕ್ಕೂ ತಿಂಗಳಿಗೊಮ್ಮೆ ಗಾಳಿ ಹೊಡೆಸಿ.